ತೆಳುಗಾಳಿಯ ಬಣ್ಣಗಳು: ನಿಕೊಲಾಯ್ ರೋರಿಕ್ ಕಂಡ ಹಿಮಾಲಯ

ರಷ್ಯಾ ಮೂಲದ ಕಲಾವಿದ ನಿಕೊಲಾಯ್ ರೋರಿಕ್ ಅವರ ಹಿಮಾಲಯದ ಚಿತ್ರಗಳನ್ನು ಮೊದಲ ಬಾರಿಗೆ ನೋಡುವ ಬಯಲುಸೀಮೆಯ ಕಣ್ಣಿಗೆ ಅವುಗಳ ಬಣ್ಣದ ಬಗ್ಗೆ ಸಣ್ಣದೊಂದು ಗುಮಾನಿ ಹುಟ್ಟುವುದು ಸಹಜ. ಹಿಮದ ಮೇಲೆ ಬಿದ್ದ ನೆರಳು ಬೂದುಬಣ್ಣಕ್ಕಿರದೆ ಕಡುನೀಲಿಯಾಗಿರುತ್ತದೆ. ಹತ್ತಾರು ಮೈಲಿ ದೂರದ ಶಿಖರದ ಅಂಚು ಚಾಕುವಿನಿಂದ ಕೊರೆದಷ್ಟು ಚೂಪಾಗಿರುತ್ತದೆ. ಬೆಟ್ಟದ ಒಂದು ಮೈ ಕುಂಕುಮದ ಬಣ್ಣ ತಾಳಿ ನಿಂತಿದ್ದರೆ ಅದರ ಬುಡದ ಕಣಿವೆ ನೇರಳೆಯಲ್ಲಿ ಮುಳುಗಿರುತ್ತದೆ. ಈ ಬಣ್ಣಗಳಿಗೆ ಸಾಮಾನ್ಯವಾಗಿ ಕೊಡಲಾಗುವ ವಿವರಣೆ ಅಧ್ಯಾತ್ಮದ್ದು. ರೋರಿಕ್ ಥಿಯಾಸಫಿಯ ಪ್ರಭಾವಕ್ಕೆ ಒಳಗಾಗಿದ್ದವರು, ಟಿಬೆಟಿನ ಬೌದ್ಧ ಪರಂಪರೆ ಹೇಳುವ ಶಂಭಲವೆಂಬ ಗುಪ್ತ ರಾಜ್ಯದ ಕಲ್ಪನೆಯನ್ನು ಕೊನೆಯವರೆಗೂ ನಂಬಿದ್ದವರು, ಆದ್ದರಿಂದ ಅವರು ಬರೆದದ್ದು ಕಣ್ಣಿಗೆ ಕಂಡ ಬೆಟ್ಟವಲ್ಲ, ಧ್ಯಾನದಲ್ಲಿ ಕಂಡ ಬೆಟ್ಟ ಎಂಬ ಮಾತು ಕಲಾಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ವಿವರಣೆ ಪೂರ್ತಿ ಸುಳ್ಳಲ್ಲದಿದ್ದರೂ ಸೋಮಾರಿತನದ್ದು. ರೋರಿಕ್ ನಡೆದ ದಾರಿಯನ್ನೂ ಆ ದಾರಿಯ ಗಾಳಿಯ ಗುಣವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಈ ಬಣ್ಣಗಳಲ್ಲಿ ಹೆಚ್ಚಿನವು ಕಲ್ಪನೆಯಲ್ಲ, ವರದಿ ಎಂಬುದು ಗೊತ್ತಾಗುತ್ತದೆ; ಕಲ್ಪನೆ ಇರುವುದು ಅವರ ಬೆಟ್ಟಗಳ ಆಕಾರದಲ್ಲಿ. ಬಣ್ಣ ಪ್ರವಾಸದ ಗಳಿಕೆ, ಆಕಾರ ಹುಟ್ಟೂರಿನಿಂದ ಕಟ್ಟಿಕೊಂಡು ಬಂದ ಬುತ್ತಿ.

ಈ ಬುತ್ತಿಯಲ್ಲಿ ಏನಿತ್ತು ಎಂಬುದನ್ನು ಮೊದಲು ನೋಡಬೇಕು. ರೋರಿಕ್ ಹುಟ್ಟಿದ್ದು 1874ರ ಅಕ್ಟೋಬರ್ 9ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಅಂದರೆ ಕಣ್ಣು ಹಾಯಿಸಿದಷ್ಟು ದೂರಕ್ಕೂ ಬೆಟ್ಟವೆಂಬುದೇ ಕಾಣದ ಜವುಗು ಬಯಲಿನ ನಗರದಲ್ಲಿ. ತಂದೆ ನೋಟರಿ ವೃತ್ತಿಯವರಾಗಿದ್ದು, ನಗರದ ನೈಋತ್ಯಕ್ಕಿದ್ದ ಇಜ್ವಾರಾ ಎಂಬಲ್ಲಿ ಕುಟುಂಬಕ್ಕೆ ಜಮೀನಿತ್ತು. ಆ ಮನೆಯ ಗೋಡೆಯ ಮೇಲೆ ಹಿಮಶಿಖರವೊಂದರ ಹಳೆಯ ಚಿತ್ರವಿತ್ತೆಂದೂ ಅದು ಕಾಂಚನಜುಂಗಾದ್ದೆಂಬುದು ತನಗೆ ಬಹಳ ಕಾಲದ ನಂತರ ತಿಳಿಯಿತೆಂದೂ ಅವರೇ ಬರೆದುಕೊಂಡಿದ್ದಾರೆ. ಕಲಾವಿದರು ತಮ್ಮ ಬಾಲ್ಯವನ್ನು ನಂತರದ ಬದುಕಿಗೆ ತಕ್ಕಂತೆ ಹೊಂದಿಸಿಕೊಳ್ಳುವುದುಂಟಾದ್ದರಿಂದ ಇಂಥ ನೆನಪಿಗೆ ಹೆಚ್ಚು ಭಾರ ಹೊರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇಜ್ವಾರಾದ ಸುತ್ತಲಿನ ಪ್ರಾಚೀನ ಸಮಾಧಿ ದಿಬ್ಬಗಳು. ಶಾಲೆಯ ವಯಸ್ಸಿನಲ್ಲೇ ರೋರಿಕ್ ಆ ದಿಬ್ಬಗಳ ಉತ್ಖನನದಲ್ಲಿ ತೊಡಗಿದ್ದರು. ನೆಲದ ಉಬ್ಬುತಗ್ಗಿನ ಕೆಳಗೆ ಮನುಷ್ಯರ ಕಾಲವೊಂದು ಮಲಗಿದೆ ಎಂಬ ಅರಿವು ನಿಸರ್ಗವನ್ನು ನೋಡುವುದಕ್ಕೆ ಮೊದಲೇ ಅವರಿಗೆ ಬಂದಿತ್ತು, ಆದ್ದರಿಂದಲೇ ಅವರ ಭೂದೃಶ್ಯಗಳಲ್ಲಿ ಜನವಿಲ್ಲದ ಕಡೆಯೂ ಜನ ನಡೆದುಹೋದ ಗುರುತು ಕಲ್ಲಾಗಿಯೋ ಕಾಲುಹಾದಿಯಾಗಿಯೋ ಉಳಿದಿರುತ್ತದೆ.

1893ರಲ್ಲಿ ಅವರು ತಂದೆಯ ಒತ್ತಾಯಕ್ಕೆ ವಿಶ್ವವಿದ್ಯಾಲಯದ ಕಾನೂನು ವಿಭಾಗವನ್ನೂ ತಮ್ಮ ಇಚ್ಛೆಗೆ ಸಾಮ್ರಾಜ್ಯ ಕಲಾ ಅಕಾಡೆಮಿಯನ್ನೂ ಒಟ್ಟಿಗೆ ಸೇರಿದರು. ಅಕಾಡೆಮಿಯಲ್ಲಿ ಅವರಿಗೆ ಸಿಕ್ಕ ಗುರು ಅರ್ಖಿಪ್ ಕುಯಿಂಜಿ. ಬೆಳಕನ್ನು ಬರೆಯುವುದರಲ್ಲಿ ಕುಯಿಂಜಿಗೆ ರಷ್ಯಾದಲ್ಲಿ ಸಾಟಿ ಇರಲಿಲ್ಲ. ದ್ನೀಪರ್ ನದಿಯ ಮೇಲಿನ ಬೆಳದಿಂಗಳ ರಾತ್ರಿಯನ್ನು ಕುರಿತ ಅವರ ಚಿತ್ರ 1880ರಲ್ಲಿ ಕತ್ತಲು ಮಾಡಿದ ಕೋಣೆಯಲ್ಲಿ ಒಂಟಿಯಾಗಿ ಪ್ರದರ್ಶನಗೊಂಡಾಗ, ಕ್ಯಾನ್ವಾಸಿನ ಹಿಂದೆ ದೀಪವನ್ನೇನಾದರೂ ಇಟ್ಟಿದ್ದಾರೆಯೇ ಎಂದು ನೋಡುಗರು ಇಣುಕಿ ಪರೀಕ್ಷಿಸಿದರೆಂಬ ಸಂಗತಿ ರಷ್ಯನ್ ಕಲೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಬಣ್ಣಕ್ಕೆ ತನ್ನಷ್ಟಕ್ಕೆ ತಾನೇ ಹೊಳಪಿಲ್ಲ, ಅಕ್ಕಪಕ್ಕದ ಬಣ್ಣವನ್ನು ಸರಿಯಾಗಿ ಆರಿಸಿದಾಗ ಮಾತ್ರ ಅದು ಉರಿಯತೊಡಗುತ್ತದೆ ಎಂಬುದು ಆ ಚಿತ್ರದ ಗುಟ್ಟು: ಕಪ್ಪಿಗೆ ಹತ್ತಿರವಾದ ವಿಶಾಲ ಹರವುಗಳ ನಡುವೆ ಹಸಿರುಬಿಳಿಯ ಒಂದೆರಡು ಮಚ್ಚೆಗಳಿದ್ದರೆ ಸಾಕು. ಈ ಪಾಠ ರೋರಿಕ್ ಅವರಲ್ಲಿ ಎಷ್ಟು ಆಳಕ್ಕಿಳಿಯಿತೆಂದರೆ, ಅರ್ಧ ಶತಮಾನದ ನಂತರ ಕುಲು ಕಣಿವೆಯಲ್ಲಿ ಬರೆದ ಚಿತ್ರಗಳಲ್ಲೂ ಮುಕ್ಕಾಲು ಭಾಗವನ್ನು ಮಂದವಾದ ನೀಲಿಗೆ ಬಿಟ್ಟುಕೊಟ್ಟು ಒಂದೇ ಒಂದು ಶಿಖರವನ್ನು ಮಾತ್ರ ಬೆಳಗಿಸುವ ಕ್ರಮವನ್ನು ಅವರು ಬಿಡಲಿಲ್ಲ.

ಕುಯಿಂಜಿಯವರ ಬೋಧನೆಯಲ್ಲಿ ಇನ್ನೊಂದು ಸೂತ್ರವೂ ಇತ್ತು. ಸ್ಥಳದಲ್ಲೇ ಕುಳಿತು ಕಂಡದ್ದನ್ನು ಕಂಡ ಹಾಗೆ ಬೇಗನೆ ಬರೆದುಕೊಳ್ಳುವ ಚಿಕ್ಕ ಚಿತ್ರಕ್ಕೆ ಕಲಾವಿದರು ಎಟ್ಯೂಡ್, ಅಂದರೆ ಅಭ್ಯಾಸಚಿತ್ರ ಎನ್ನುತ್ತಾರೆ. ವಿದ್ಯಾರ್ಥಿಗಳು ಇಂಥ ಅಭ್ಯಾಸಚಿತ್ರಗಳನ್ನು ರಾಶಿಗಟ್ಟಲೆ ಮಾಡಬೇಕು, ಆದರೆ ದೊಡ್ಡ ಚಿತ್ರವನ್ನು ರಚಿಸುವಾಗ ಅವುಗಳನ್ನು ಪಕ್ಕಕ್ಕಿಟ್ಟು ನೆನಪಿನಿಂದಲೇ ಬರೆಯಬೇಕು ಎಂದು ಅವರು ಬಯಸುತ್ತಿದ್ದರು. ನಿಸರ್ಗವನ್ನು ನಕಲು ಮಾಡುವುದಕ್ಕೂ ಅದನ್ನು ಅರಗಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸರಳವಾಗಿ ಕಲಿಸುವ ದಾರಿ ಬಹುಶಃ ಇಲ್ಲ. ರೋರಿಕ್ 1897ರಲ್ಲಿ ಅಕಾಡೆಮಿಗೆ ಸಲ್ಲಿಸಿದ, ಇರುಳಿನಲ್ಲಿ ದೋಣಿಯೇರಿ ಸುದ್ದಿ ಒಯ್ಯುವ ದೂತನ ಚಿತ್ರವನ್ನು ಮಾಸ್ಕೋದ ಕಲಾಸಂಗ್ರಾಹಕ ಪಾವೆಲ್ ತ್ರೆತ್ಯಾಕೋವ್ ಕೊಂಡರು.

ಬುತ್ತಿಯ ಇನ್ನರ್ಧ ಸಿದ್ಧವಾದದ್ದು 1903 ಮತ್ತು 1904ರ ಬೇಸಿಗೆಗಳಲ್ಲಿ, ಅವರು ಪತ್ನಿ ಹೆಲೆನಾ ಜೊತೆಗೆ ರಷ್ಯಾದ ಹಳೆಯ ಊರುಗಳನ್ನು ಸುತ್ತಿದಾಗ. ಯಾರೊಸ್ಲಾವ್ಲ್, ಸುಜ್ದಾಲ್, ಸ್ಮೊಲೆನ್ಸ್ಕ್, ಪ್ಸ್ಕೊವ್, ಇಜ್ಬೊರ್ಸ್ಕ್ ಮೊದಲಾದ ಕಡೆ ಕೋಟೆಯ ಗೋಡೆ, ಬುರುಜು, ಚರ್ಚುಗಳನ್ನು ಅವರು ಹತ್ತಾರು ಅಭ್ಯಾಸಚಿತ್ರಗಳಲ್ಲಿ ದಾಖಲಿಸಿದರು. ಕಟ್ಟಡವನ್ನು ಅಲಂಕಾರದ ವಿವರಗಳಿಂದ ಬಿಡಿಸಿ ಬೆಳಕು-ನೆರಳಿನ ಘನಾಕೃತಿಯಾಗಿ ನೋಡುವ ಅಭ್ಯಾಸ ಇಲ್ಲಿ ಗಟ್ಟಿಯಾಯಿತು. ಈ ಪ್ರವಾಸದಲ್ಲೇ ಅವರು ಇಕಾನ್‌ಗಳನ್ನು ಹತ್ತಿರದಿಂದ ಕಂಡರು. ಇಕಾನ್ ಎಂದರೆ ಪೂರ್ವದ ಕ್ರೈಸ್ತ ಸಂಪ್ರದಾಯದವರು ಮರದ ಹಲಗೆಯ ಮೇಲೆ ಬರೆದು ಪೂಜಿಸುವ ಪವಿತ್ರ ಚಿತ್ರ. ಅದರಲ್ಲಿ ಬೆಟ್ಟ ಬಂದಾಗ ಚಿತ್ರಕಾರನು ಮಣ್ಣು, ಪೊದೆ, ಬಿರುಕು ಯಾವುದನ್ನೂ ತೋರಿಸದೆ ಮೆಟ್ಟಿಲಿನಂತೆ ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಬಂಡೆಗಳಾಗಿ ಅದನ್ನು ಬರೆಯುತ್ತಾನೆ. ರೋರಿಕ್ ಅವರ ಹಿಮಾಲಯದ ಎಷ್ಟೋ ಕಡಿದಾದ ಇಳಿಜಾರುಗಳಲ್ಲಿ ಈ ಮೆಟ್ಟಿಲುಗಳನ್ನು ಎಣಿಸಬಹುದು.

ಇಕಾನ್ ಬರೆಯುವ ಮಾಧ್ಯಮವೇ ಅವರ ಮಾಧ್ಯಮವೂ ಆಯಿತು. ವರ್ಣದ್ರವ್ಯದ ಪುಡಿಯನ್ನು ಮೊಟ್ಟೆಯ ಹಳದಿ ಭಾಗ, ಅಂಟು ಅಥವಾ ಹಾಲಿನ ಕೇಸಿನ್‌ನೊಡನೆ ಕಲಸಿ ನೀರಿನಲ್ಲಿ ತೆಳುಮಾಡಿ ಬಳಸುವ ಬಣ್ಣಕ್ಕೆ ಟೆಂಪೆರಾ ಎಂದು ಹೆಸರು. ತೈಲವರ್ಣ ಒಣಗಲು ದಿನಗಟ್ಟಲೆ ಕಾಯಬೇಕು, ಒಣಗಿದ ಮೇಲೂ ಮಿರುಗುತ್ತದೆ, ವರ್ಷಗಳು ಉರುಳಿದಂತೆ ಎಣ್ಣೆ ಹಳದಿಗೆ ತಿರುಗಿ ಇಡೀ ಚಿತ್ರ ಮಂಕಾಗುತ್ತದೆ. ಟೆಂಪೆರಾ ನಿಮಿಷಗಳಲ್ಲಿ ಆರುತ್ತದೆ, ಸುಣ್ಣ ಬಳಿದ ಗೋಡೆಯಂತೆ ಹೊಳಪಿಲ್ಲದೆ ನಿಲ್ಲುತ್ತದೆ, ಬಣ್ಣದ ತಾಜಾತನವನ್ನು ಬಹುಕಾಲ ಕಾಯ್ದುಕೊಳ್ಳುತ್ತದೆ. ಆದರೆ ಒಂದು ಬಣ್ಣವನ್ನು ಇನ್ನೊಂದರೊಳಗೆ ನಯವಾಗಿ ಕರಗಿಸುವ ಸೌಕರ್ಯ ಅದರಲ್ಲಿ ಕಡಿಮೆ. ಆದ್ದರಿಂದ ಟೆಂಪೆರಾದಲ್ಲಿ ಬರೆಯುವವನು ಬಣ್ಣಗಳನ್ನು ಒಂದರ ಪಕ್ಕದಲ್ಲಿ ಒಂದಾಗಿ, ಸ್ಪಷ್ಟ ಅಂಚುಗಳಿರುವ ಹರವುಗಳಾಗಿ ಜೋಡಿಸಬೇಕಾಗುತ್ತದೆ. ತೈಲವರ್ಣವನ್ನು ಕ್ರಮೇಣ ಬಿಟ್ಟು ಟೆಂಪೆರಾಕ್ಕೆ ಬಂದ ರೋರಿಕ್, ಅದೇ ಕಾಲಕ್ಕೆ ರಂಗಭೂಮಿಗೂ ದುಡಿಯುತ್ತಿದ್ದರು. 1913ರ ಮೇ 29ರಂದು ಪ್ಯಾರಿಸ್‌ನಲ್ಲಿ ಗದ್ದಲ ಎಬ್ಬಿಸಿದ, ಸ್ಟ್ರಾವಿನ್‌ಸ್ಕಿಯವರ ‘ದಿ ರೈಟ್ ಆಫ್ ಸ್ಪ್ರಿಂಗ್’ ನೃತ್ಯರೂಪಕದ ರಂಗಸಜ್ಜಿಕೆಯೂ ವೇಷಭೂಷಣವೂ ಅವರವೇ. ಗ್ಯಾಲರಿಯ ಕೊನೆಯ ಸಾಲಿಗೂ ಬೆಟ್ಟ ಬೆಟ್ಟವಾಗಿಯೇ ಕಾಣಬೇಕಾದ ಪರದೆಯ ಮೇಲೆ ಸೂಕ್ಷ್ಮ ವಿವರಗಳಿಗೆ ಜಾಗವಿರುವುದಿಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹೀಗೆ ಸಮಾಧಿ ದಿಬ್ಬ, ಇಕಾನ್, ಟೆಂಪೆರಾ, ರಂಗಪರದೆ ಎಲ್ಲವೂ ಸೇರಿ ಕೈ ಪಳಗಿದ್ದ ಸುಮಾರು 50ರ ವಯಸ್ಸಿನ ಕಲಾವಿದ, ರಷ್ಯಾದ ಕ್ರಾಂತಿಯ ಹೊತ್ತಿಗೆ ಕರೇಲಿಯಾದಲ್ಲಿದ್ದು ಅಲ್ಲಿಂದ ಲಂಡನ್, ನ್ಯೂಯಾರ್ಕ್‌ಗಳನ್ನು ದಾಟಿ, 1923ರ ಡಿಸೆಂಬರ್‌ನಲ್ಲಿ ಕುಟುಂಬದೊಡನೆ ಮುಂಬಯಿ ಬಂದರಿಗೆ ಬಂದಿಳಿದರು. ವರ್ಷದ ಕೊನೆಯ ಹೊತ್ತಿಗೆ ಅವರು ಡಾರ್ಜಿಲಿಂಗ್ ಸೇರಿದ್ದರು.

ಡಾರ್ಜಿಲಿಂಗ್ ಮತ್ತು ಸಿಕ್ಕಿಂನ ಗಾಳಿ ತೇವದ ಗಾಳಿ. ಬಂಗಾಳ ಕೊಲ್ಲಿಯಿಂದ ಬರುವ ಆವಿ ಅಲ್ಲಿನ ಕಣಿವೆಗಳಲ್ಲಿ ಮಂಜಾಗಿ ತುಂಬಿಕೊಳ್ಳುತ್ತದೆ, ಶಿಖರಗಳು ಆ ಮಂಜಿನ ಮೇಲೆ ತೇಲುವ ದ್ವೀಪಗಳಂತೆ ಕಾಣುತ್ತವೆ. ಇಂಥ ಗಾಳಿಯಲ್ಲಿ ದೂರ ಹೋದಷ್ಟೂ ಬೆಟ್ಟದ ಬಣ್ಣ ಮಾಸುತ್ತ ತಿಳಿನೀಲಿಯಾಗಿ, ಕೊನೆಗೆ ಆಕಾಶದೊಡನೆ ಬೆರೆತುಹೋಗುತ್ತದೆ. ನೋಡುವವನಿಗೂ ಬೆಟ್ಟಕ್ಕೂ ನಡುವಿನ ಗಾಳಿ ತಾನೇ ಬೆಳಕನ್ನು ಚದುರಿಸಿ ಒಂದು ತೆಳುಪರದೆಯಾಗುವುದರಿಂದ ಹೀಗಾಗುತ್ತದೆ. ಈ ಮಾಸುವಿಕೆಯನ್ನು ಬಳಸಿಕೊಂಡು ಚಪ್ಪಟೆ ಹಾಳೆಯ ಮೇಲೆ ದೂರವನ್ನು ತೋರಿಸುವ ಕ್ರಮಕ್ಕೆ ವಾತಾವರಣ ಯಥಾದರ್ಶನ ಎನ್ನಬಹುದು, ಲಿಯೊನಾರ್ಡೊ ಡಾ ವಿಂಚಿ ತಮ್ಮ ಟಿಪ್ಪಣಿಗಳಲ್ಲಿ ಇದನ್ನು ಬಹಳ ಹಿಂದೆಯೇ ವಿವರಿಸಿದ್ದರು. ಮಳೆಗಾಲ ಮುಗಿದ ಮೇಲೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದವರಿಗೆ, ಒಂದರ ಹಿಂದೊಂದು ಅಡಗಿ ನಿಂತ ಘಟ್ಟದ ಸಾಲುಗಳು ಹೇಗೆ ಕಡುನೀಲಿಯಿಂದ ಹೊಗೆಯ ಬಣ್ಣಕ್ಕೆ ಇಳಿಯುತ್ತವೆ ಎಂಬುದು ಗೊತ್ತೇ ಇದೆ. 1924ರ ಸಿಕ್ಕಿಂ ಚಿತ್ರಗಳಲ್ಲಿ ರೋರಿಕ್ ಬರೆದದ್ದು ಹೆಚ್ಚುಕಡಿಮೆ ಇಂಥ ನೀಲಿಯ ಮಡಿಕೆಗಳನ್ನೇ. ಅವು ಸುಂದರವಾಗಿವೆ, ಆದರೆ ಆ ಸೌಂದರ್ಯದಲ್ಲಿ ಅವರಿಗಿಂತ ಮೊದಲಿನ ಯುರೋಪಿನ ಭೂದೃಶ್ಯ ಚಿತ್ರಕಾರರ ನೆರಳೂ ಇದೆ.

ನಿಜವಾದ ಬದಲಾವಣೆ ಆದದ್ದು ಮಳೆಯ ನೆರಳಿನ ನಾಡಿಗೆ ದಾಟಿದಾಗ. 1925ರ ಆಗಸ್ಟ್‌ನಲ್ಲಿ ರೋರಿಕ್ ದಂಪತಿಗಳು ಹಿರಿಯ ಮಗ ಯೂರಿ ಜೊತೆಗೆ ಕಾಶ್ಮೀರದಿಂದ ಲೇಹ್ ಕಡೆಗೆ ಹೊರಟರು. ಅಲ್ಲಿಂದ ಕುದುರೆ ಮತ್ತು ಯಾಕ್‌ಗಳ ಸಾರ್ಥದೊಡನೆ ಖರ್ದೊಂಗ್, ಸಾಸೆರ್, ದೆಪ್ಸಾಂಗ್, ಕಾರಕೋರಂ ಮುಂತಾದ ಕಣಿವೆದಾರಿಗಳನ್ನು ಹತ್ತಿಳಿದು ಖೋತಾನ್, ಕಾಶ್ಗರ್, ಉರುಮ್ಚಿ, ಅಲ್ತಾಯ್, ಮಂಗೋಲಿಯಾಗಳನ್ನು ಸುತ್ತಿ, ಟಿಬೆಟ್ ಮಾರ್ಗವಾಗಿ 1928ರ ಮೇ ತಿಂಗಳಲ್ಲಿ ಮರಳಿ ಡಾರ್ಜಿಲಿಂಗ್ ಮುಟ್ಟಿದರು. ಸುಮಾರು 25,000 ಕಿಲೋಮೀಟರಿನ ಈ ದಾರಿಯಲ್ಲಿ 14,000ದಿಂದ 21,000 ಅಡಿ ಎತ್ತರದ 35 ಕಣಿವೆದಾರಿಗಳನ್ನು ದಾಟಿದ ಲೆಕ್ಕವನ್ನು ರೋರಿಕ್ ಕೊಡುತ್ತಾರೆ.

ಈ ಎತ್ತರದಲ್ಲಿ ಗಾಳಿಗೆ ಏನಾಗುತ್ತದೆ ಎಂಬುದೇ ಅವರ ಬಣ್ಣಗಳ ಕೀಲಿಕೈ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರೊಡನೆ ಲಡಾಖ್ ಮತ್ತು ಟಿಬೆಟಿನ ಪ್ರಸ್ಥಭೂಮಿಗೆ ಮುಂಗಾರು ಮೋಡಗಳು ತಲುಪುವುದೇ ಅಪರೂಪವಾದ್ದರಿಂದ ಆ ತೆಳುಗಾಳಿಯಲ್ಲಿ ತೇವಾಂಶವೂ ಬಹಳ ಕಡಿಮೆ. ಬೆಳಕನ್ನು ಚದುರಿಸಿ ಪರದೆ ಕಟ್ಟುವ ಸಾಮಗ್ರಿಯೇ ಇಲ್ಲವಾದಾಗ ದೂರದ ಬೆಟ್ಟ ಮಾಸುವುದಿಲ್ಲ. ಐವತ್ತು ಮೈಲಿ ಆಚೆಯ ಶಿಖರ ಐದು ಮೈಲಿಯಲ್ಲಿದ್ದಂತೆ ಕಾಣುತ್ತದೆ, ಅದರ ಬಂಡೆಯ ಸ್ವಂತ ಬಣ್ಣ, ಅಂದರೆ ಕಬ್ಬಿಣದ ಆಕ್ಸೈಡಿನ ಕೆಂಪು ಮತ್ತು ನೇರಳೆ, ಜ್ವಾಲಾಮುಖಿ ಮೂಲದ ಶಿಲೆಯ ಹಸಿರು, ಮರಗಿಡಗಳ ಹೊದಿಕೆಯೂ ಇಲ್ಲದ್ದರಿಂದ ಬರಿಗಣ್ಣಿಗೆ ನೇರವಾಗಿ ಬಂದು ಮುಟ್ಟುತ್ತದೆ. ಹಿಮದ ನೆರಳು ನೀಲಿಯಾಗುವುದಕ್ಕೂ ಇಂಥದೇ ಕಾರಣವಿದೆ. ಸೂರ್ಯನ ನೇರ ಬೆಳಕು ಬೀಳದ ಹಿಮಕ್ಕೆ ಬೆಳಕು ಸಿಗುವುದು ಆಕಾಶದಿಂದ ಮಾತ್ರ. ತನ್ನ ಮೇಲೆ ಬಿದ್ದದ್ದನ್ನು ಹಾಗೆಯೇ ಹಿಂದಿರುಗಿಸುವುದು ಹಿಮದ ಗುಣ. ಎತ್ತರದ ಆಕಾಶವೋ ಬಯಲಿನ ಆಕಾಶಕ್ಕಿಂತ ಎಷ್ಟೋ ಪಾಲು ಗಾಢ. ಇನ್ನು ಸಂಜೆಯ ಹೊತ್ತಿಗೆ ಸೂರ್ಯಕಿರಣ ವಾತಾವರಣದೊಳಗೆ ಓರೆಯಾಗಿ ಬಹುದೂರ ಸಾಗಿ ಬರುವುದರಿಂದ ಅದರ ನೀಲಿಯ ಪಾಲು ದಾರಿಯಲ್ಲೇ ಚದುರಿಹೋಗಿ ಶಿಖರದ ತುದಿಗೆ ಮುಟ್ಟುವುದು ಕೆಂಪು ಮಾತ್ರ, ಅದೇ ಹೊತ್ತಿನಲ್ಲಿ ಕೆಳಗಿನ ಕಣಿವೆ ನೆರಳಿನಲ್ಲಿ ಮುಳುಗಿ ನೇರಳೆಗೆ ತಿರುಗಿರುತ್ತದೆ. ಕುಂಕುಮದ ಮೈಯ ಬೆಟ್ಟಕ್ಕೂ ನೇರಳೆಯ ಬುಡಕ್ಕೂ ಧ್ಯಾನದ ನೆರವು ಬೇಕಾಗಿಯೇ ಇರಲಿಲ್ಲ.

ಸ್ವಾರಸ್ಯ ಇರುವುದು ಇದರ ಮುಂದಿನ ಮಾತಿನಲ್ಲಿ. ಮಾಸುವಿಕೆ ಇಲ್ಲದ ಗಾಳಿಯಲ್ಲಿ ಬೆಟ್ಟಗಳು ಉಬ್ಬುತಗ್ಗು ಕಳೆದುಕೊಂಡು, ಬಣ್ಣದ ಕಾಗದವನ್ನು ಕತ್ತರಿಸಿ ಒಂದರ ಹಿಂದೊಂದು ನಿಲ್ಲಿಸಿದಂತೆ ಚಪ್ಪಟೆಯಾಗಿ, ಚೂಪು ಅಂಚಿನವಾಗಿ ಕಾಣುತ್ತವೆ. ಇಕಾನ್‌ನ ಬೆಟ್ಟವೂ ರಂಗಪರದೆಯ ಬೆಟ್ಟವೂ ಹಾಗೆಯೇ ಇದ್ದವು, ಟೆಂಪೆರಾ ಸುಲಭವಾಗಿ ಕೊಡಬಲ್ಲದ್ದೂ ಅದನ್ನೇ. ಮಂಜಿನ ನಾಡಿನಲ್ಲಿ ಕೃತಕವೆನಿಸಬಹುದಾಗಿದ್ದ ಶೈಲಿ ತೆಳುಗಾಳಿಯ ನಾಡಿನಲ್ಲಿ ವಾಸ್ತವಕ್ಕೆ ತೀರ ಹತ್ತಿರವಾಯಿತು. ಪ್ರವಾಸ ಕಲಾವಿದನಿಗೆ ಹೊಸ ಶೈಲಿಯನ್ನು ಕೊಡುತ್ತದೆ ಎಂಬುದು ರೂಢಿಯ ತಿಳಿವಳಿಕೆ. ರೋರಿಕ್ ಅವರ ಸಂದರ್ಭದಲ್ಲಿ ಆದದ್ದು ಅದಕ್ಕೆ ತಿರುವುಮುರುವು. ಮೂವತ್ತು ವರ್ಷ ಪಳಗಿದ ಕೈ ತನಗೆ ಒಗ್ಗುವ ನೆಲವನ್ನು ಹುಡುಕಿಕೊಂಡು ಹೋಗಿ ಸೇರಿತು.

ಸಾರ್ಥದೊಡನೆ ಸಾಗುತ್ತ ಚಿತ್ರ ಬರೆಯುವುದು ಸ್ಟುಡಿಯೋದ ಕೆಲಸದಂತಲ್ಲ. ಬೀಡು ಬಿಟ್ಟ ಕಡೆ ಸಿಗುವ ಬಿಡುವು ಅಲ್ಪ, ಬೆಳಕು ಹೊತ್ತುಹೊತ್ತಿಗೂ ಬದಲಾಗುತ್ತದೆ, ಬರೆದದ್ದನ್ನು ಮರುದಿನ ಬೆಳಗ್ಗೆ ಸುತ್ತಿ ಪ್ರಾಣಿಯ ಬೆನ್ನಿಗೇರಿಸಬೇಕು. ಬೇಗ ಆರುವ ಟೆಂಪೆರಾ ಇಂಥ ದಾರಿಗೆ ಹೇಳಿ ಮಾಡಿಸಿದ ಮಾಧ್ಯಮ, ಕಂಡದ್ದನ್ನು ನೆನಪಿನಲ್ಲಿ ಕಟ್ಟಿಕೊಳ್ಳುವ ಕುಯಿಂಜಿಯವರ ಶಿಕ್ಷಣವೂ ಹಾಗೆಯೇ ಒದಗಿಬಂತು. ಈ ಯಾತ್ರೆಯ ಫಲವಾದ ಚಿತ್ರಗಳ ಸಂಖ್ಯೆಯನ್ನು ಸುಮಾರು 500 ಎಂದು ಹೇಳಲಾಗುತ್ತದೆ. ಯಾತ್ರೆಗೆ ತೆತ್ತ ಬೆಲೆಯೂ ಸಣ್ಣದಲ್ಲ. 1927ರ ಅಕ್ಟೋಬರ್‌ನಲ್ಲಿ ಟಿಬೆಟಿನ ಅಧಿಕಾರಿಗಳು ಲ್ಹಾಸಾದ ದಾರಿಯನ್ನು ಮುಚ್ಚಿ ತಂಡವನ್ನು ಚಾಂಗ್‌ತಾಂಗ್ ಪ್ರಸ್ಥಭೂಮಿಯಲ್ಲಿ ತಡೆದು ನಿಲ್ಲಿಸಿದರು. ಐದು ತಿಂಗಳ ಚಳಿಗಾಲವನ್ನು ಬೇಸಿಗೆಯ ಡೇರೆಗಳಲ್ಲೇ ಕಳೆಯಬೇಕಾಗಿ ಬಂದು, ತಂಡದ ಐವರು ತೀರಿಕೊಂಡರು, ಸವಾರಿ-ಹೊರೆಯ ಪ್ರಾಣಿಗಳಲ್ಲಿ ಬಹುಪಾಲು ಸತ್ತವು. ರೋರಿಕ್ ಅವರ ರಾಜಕೀಯ ಉದ್ದೇಶದ ಬಗ್ಗೆ ಬ್ರಿಟಿಷ್ ಸರ್ಕಾರಕ್ಕಿದ್ದ ಸಂಶಯ ಈ ತಡೆಯ ಹಿಂದಿತ್ತು. ಯಾತ್ರೆಯ ನಡುವೆ, 1926ರಲ್ಲಿ, ಅವರು ಮಾಸ್ಕೋಗೂ ಹೋಗಿ ಬಂದಿದ್ದರಿಂದ ಆ ಸಂಶಯಕ್ಕೆ ಆಧಾರವೇ ಇರಲಿಲ್ಲ ಎನ್ನುವಂತೆಯೂ ಇಲ್ಲ.

1928ರ ಕೊನೆಯಲ್ಲಿ ಕುಟುಂಬ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಯೂರಿತು. ಬಿಯಾಸ್ ನದಿಯ ಎಡದಂಡೆಯ ಮೇಲಿರುವ ಈ ಹಳ್ಳಿಯಲ್ಲಿ ‘ಉರುಸ್ವತಿ’ ಎಂಬ ಹಿಮಾಲಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ಯೂರಿಯವರ ನೇತೃತ್ವದಲ್ಲಿ ಸಸ್ಯಶಾಸ್ತ್ರ, ಭಾಷಾಶಾಸ್ತ್ರ, ಟಿಬೆಟಿನ ವೈದ್ಯ ಮೊದಲಾದ ವಿಷಯಗಳ ಅಧ್ಯಯನಕ್ಕೆ ತೊಡಗಿದರು. ಯುದ್ಧಕಾಲದಲ್ಲೂ ಶಾಂತಿಕಾಲದಲ್ಲೂ ಕಲೆ ಮತ್ತು ವಿಜ್ಞಾನದ ನೆಲೆಗಳಿಗೆ ರಕ್ಷಣೆ ಕೊಡುವ ‘ರೋರಿಕ್ ಒಪ್ಪಂದ’ಕ್ಕೆ 1935ರ ಏಪ್ರಿಲ್ 15ರಂದು ಅಮೆರಿಕ ಖಂಡದ 21 ರಾಷ್ಟ್ರಗಳು ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದಾಗಲೂ ಅವರ ಕುಂಚ ಬಿಡುವು ಪಡೆದಿರಲಿಲ್ಲ.

ನಗ್ಗರ್‌ನ ಎರಡು ದಶಕಗಳ ಚಿತ್ರಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅವರ ಒಟ್ಟು ಕೃತಿಗಳ ಸಂಖ್ಯೆ ಸುಮಾರು 7,000 ಎನ್ನುವಾಗ ಪುನರಾವರ್ತನೆ ಅನಿವಾರ್ಯ. ಕೆಲವು ಕಡೆ ಬೆಟ್ಟದ ಸಾಲು, ಮಂಜಿನ ಪಟ್ಟಿ, ಮೇಲೊಂದು ಬೆಳಗುವ ಶಿಖರ ಎಂಬ ಸೂತ್ರ ಕೈಯ ಅಭ್ಯಾಸವಾಗಿ ಮಾತ್ರ ಉಳಿದಿದೆ. ಧ್ಯಾನಸ್ಥ ಸಂತ, ಅಗ್ನಿವರ್ಣದ ಅಶ್ವ, ಗುಹೆಯೊಳಗಿನ ಗುರು ಮುಂತಾದ ಸಂಕೇತಗಳು ಹೆಚ್ಚಿದಲ್ಲೆಲ್ಲ ಭೂದೃಶ್ಯ ಹಿಂದಿನ ಪರದೆಯಾಗಿಬಿಡುತ್ತದೆ, ಚಿತ್ರ ಉಪದೇಶಕ್ಕೆ ಇಳಿಯುತ್ತದೆ. ಗೆದ್ದಿರುವ ಚಿತ್ರಗಳಲ್ಲಿ ಮನುಷ್ಯ ಇರುವುದೇ ಇಲ್ಲ, ಇದ್ದರೂ ಇರುವೆಯಷ್ಟು ಚಿಕ್ಕದಾಗಿ, ಬೆಟ್ಟದ ಅಳತೆ ತಿಳಿಸುವುದಕ್ಕೆಂದೇ ಇಟ್ಟ ಗುರುತಿನಂತಿರುತ್ತಾನೆ. ಕಾಂಚನಜುಂಗಾವನ್ನು ಅವರು ಮತ್ತೆ ಮತ್ತೆ ಬರೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಪುನರಾವರ್ತನೆಯ ಇನ್ನೊಂದು ಮುಖವೂ ಕಾಣುತ್ತದೆ: ಆಕಾರ ಬಹುಪಾಲು ಒಂದೇ, ಬದಲಾಗುವುದು ಹೊತ್ತು ಮಾತ್ರ, ಹೊತ್ತಿನೊಡನೆ ಇಡೀ ಬಣ್ಣದ ಲೆಕ್ಕಾಚಾರ. ಸಂಗೀತಗಾರ ಒಂದೇ ರಾಗವನ್ನು ಜೀವಮಾನವಿಡೀ ಹಾಡಿದರೆ ಕೇಳುಗರು ಆಕ್ಷೇಪಿಸುವುದಿಲ್ಲ. ಚಿತ್ರಕಾರನಿಗೆ ಅಷ್ಟು ಸಲಿಗೆ ಸಿಗುವುದಿಲ್ಲ.

ರೋರಿಕ್ 1947ರ ಡಿಸೆಂಬರ್ 13ರಂದು ನಗ್ಗರ್‌ನಲ್ಲೇ ತೀರಿಕೊಂಡರು. ಭಾರತ ಸರ್ಕಾರ 1972ರ ಕಾಯ್ದೆಯಡಿ ಯಾರ ಕೃತಿಗಳನ್ನು ಕಲಾನಿಧಿಯೆಂದು ಪರಿಗಣಿಸಿ ದೇಶದಾಚೆ ಸಾಗಿಸದಂತೆ ನಿರ್ಬಂಧಿಸಿದೆಯೋ ಆ ಒಂಬತ್ತು ಕಲಾವಿದರಲ್ಲಿ ಅವರೂ ಒಬ್ಬರು. ಕುಟುಂಬದ ಕಥೆ ಮಾತ್ರ ಹಿಮಾಲಯದಲ್ಲಿ ಮುಗಿಯಲಿಲ್ಲ. ಕಿರಿಯ ಮಗ ಸ್ವೆತೊಸ್ಲಾವ್ ರೋರಿಕ್ 1945ರಲ್ಲಿ ಚಿತ್ರನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿಕೊಂಡು, 1993ರಲ್ಲಿ ತೀರಿಕೊಳ್ಳುವವರೆಗೂ ಈ ನಗರದವರಾಗಿಯೇ ಬಾಳಿದರು. ಅವರೂ ಟೆಂಪೆರಾ ಬಲ್ಲವರು, ತಂದೆಯ ಬೆಟ್ಟಗಳನ್ನು ಕಂಡು ಬೆಳೆದವರು. ಆದರೆ ದಕ್ಷಿಣದ ದಟ್ಟ ಬೆಳಕು, ಕೆಮ್ಮಣ್ಣು, ಹೊಲದಲ್ಲಿ ದುಡಿಯುವ ಜನ ಅವರ ಚಿತ್ರಗಳಿಗೆ ಬಂದೊಡನೆ ತಂದೆಯ ನೀಲಿ ಹಿಂದೆ ಸರಿದು ಕಿತ್ತಳೆ ಮತ್ತು ಕೆಂಪು ಮುಂದಕ್ಕೆ ಬಂದವು. ಗಾಳಿ ಬದಲಾದರೆ ಬಣ್ಣದ ಪೆಟ್ಟಿಗೆಯೂ ಬದಲಾಗುತ್ತದೆ ಎಂಬುದಕ್ಕೆ ಒಂದೇ ಮನೆಯ ಎರಡು ತಲೆಮಾರಿಗಿಂತ ಒಳ್ಳೆಯ ಪುರಾವೆ ಹುಡುಕುವುದು ಕಷ್ಟ.

ಆ ಪುರಾವೆಯನ್ನು ನೋಡಲು ಕುಲುವಿನವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯದಲ್ಲಿ ತಂದೆ ಮತ್ತು ಮಗ ಇಬ್ಬರ ಮೂಲಕೃತಿಗಳೂ ಇವೆ. ಮುದ್ರಿತ ಪ್ರತಿಗಳಲ್ಲಿ ಟೆಂಪೆರಾದ ಹೊಳಪಿಲ್ಲದ ಮೈ ಕಾಣಸಿಗುವುದಿಲ್ಲವಾದ್ದರಿಂದ, ಹೋದವರು ತಂದೆಯ ಒಂದು ಹಿಮಶಿಖರದ ಮುಂದೆ ಸ್ವಲ್ಪ ಹೊತ್ತು ನಿಂತು, ಬೆಳಗುವ ತುದಿಯನ್ನು ಬಿಟ್ಟು, ಮೊದಲು ಅದರ ನೆರಳನ್ನು ನೋಡಬೇಕು.